ಅಟ್ಟದ ಕೆಳಗಿನ ಹಸಿರು ಮುಖ

ತಿಪಟೂರಿನ ಹೊರಗೆ ಹೆದ್ದಾರಿಯ ಬದಿಯಲ್ಲಿ ಹೊಸದಾಗಿ ತೆರೆದಿರುವ ಕಾಫಿ ಅಂಗಡಿಯೊಂದರ ಗೋಡೆಯ ಮೇಲೆ ನನ್ನ ಸೋದರತ್ತೆಯ ಮುಖವಿದೆ. ಆಳೆತ್ತರದ ಹಸಿರು ಮುಖ. ಬಿಚ್ಚಿದ ಕೂದಲಿನ ಎಳೆಗಳೆಲ್ಲ ಹಾವಾಗಿ ಹೆಡೆ ಎತ್ತಿವೆ, ತುಟಿಯ ಕೊನೆಯಿಂದ ರಕ್ತ ಇಳಿದಿದೆ, ಕಣ್ಣಿರಬೇಕಾದ ಜಾಗದಲ್ಲಿ ಎರಡು ಬಿಳಿ ಗುಳಿಗಳಿವೆ. ನಾನು ಮೊದಲ ಸಲ ಹೋದ ದಿನ ಒಬ್ಬ ಹುಡುಗಿ ಅದರ ಪಕ್ಕದಲ್ಲಿ ನಿಂತು, ಕಣ್ಣುಗುಡ್ಡೆ ಮೇಲೆ ಮಾಡಿ, ನಾಲಿಗೆ ಚಾಚಿ ಫೋಟೊ ತೆಗೆಸಿಕೊಳ್ಳುತ್ತಿದ್ದಳು. ಕೈಯಲ್ಲಿದ್ದ ಕಾಫಿಯನ್ನು ಅವಳ ಮೇಲೆ ಎರಚಿಬಿಡೋಣ ಎನ್ನಿಸಿತು. ಮೂವತ್ತು ವರ್ಷ ಬೇರೆಯವರ ಮಕ್ಕಳಿಗೆ ನಡತೆ ಹೇಳಿಕೊಟ್ಟವಳು ನಾನು. ಎರಚಲಿಲ್ಲ, ಕುಡಿಯಲೂ ಇಲ್ಲ.

ಅಂಗಡಿಯ ಯಜಮಾನ ಮೂವತ್ತರ ಆಸುಪಾಸಿನವನು, ಅಚ್ಚುಕಟ್ಟಾದ ಗಡ್ಡದವನು. ನಾನು ಗೋಡೆಯ ಮೇಲಿನ ಚಿತ್ರವನ್ನೇ ದಿಟ್ಟಿಸುತ್ತಿರುವುದನ್ನು ಕಂಡು ಖುಷಿಯಿಂದ ಹತ್ತಿರ ಬಂದ.

"ಹಳೇ ಬಿ ಗ್ರೇಡ್ ಸಿನಿಮಾದ್ದು ಮೇಡಂ. ಎಷ್ಟು ಕೆಟ್ಟದಾಗಿ ಬರೆದಿದಾರೆ ನೋಡಿ, ಅದೇ ಅದರ ಚೆಂದ. ಹಸಿರು ಯಾಕೆ ಗೊತ್ತಾ? ವಿಷದ ಸಂಕೇತ."

"ಯಾರು ಬರೆದದ್ದು ಅಂತ ಗೊತ್ತೇನಪ್ಪ?"

"ಯಾರೋ ಹಳ್ಳಿ ಆರ್ಟಿಸ್ಟು."

"ಆ ಹಳ್ಳಿ ಆರ್ಟಿಸ್ಟು ನಮ್ಮಪ್ಪ. ಆ ಮುಖ ನಮ್ಮತ್ತೇದು. ಇನ್ನೂ ಬದುಕಿದಾರೆ. ಅದನ್ನ ಇಳಿಸು."

ಅವನು ಹೆದರುತ್ತಾನೆ ಅಂದುಕೊಂಡಿದ್ದೆ. ಅವನ ಮುಖ ಅರಳಿತು. ಹಾಗಾದರೆ ಈ ಕಥೆಯನ್ನು ಚಿಕ್ಕದಾಗಿ ಬರೆದು ಪಕ್ಕದಲ್ಲಿ ತೂಗುಹಾಕೋಣ ಮೇಡಂ, ಜನಕ್ಕೆ ಇನ್ನೂ ಇಷ್ಟವಾಗುತ್ತೆ ಅಂದ. ಇಳಿಸುವ ಮಾತಿಗೆ ಮಾತ್ರ ತಲೆ ಕೆರೆದುಕೊಂಡ. ಮನೆಯವರೇ ಒಪ್ಪಿ ಕೊಟ್ಟದ್ದಂತೆ. ಅಂದರೆ ನನ್ನ ತಮ್ಮ.

ಹಸಿರಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಅದು ವಿಷದ ಸಂಕೇತವೂ ಅಲ್ಲ, ಮಣ್ಣೂ ಅಲ್ಲ. ಸಂಕ್ರಾಂತಿಗೆ ನಮ್ಮ ಎತ್ತುಗಳ ಕೋಡಿಗೆ ಬಳಿದು ಡಬ್ಬಿಯ ತಳದಲ್ಲಿ ಉಳಿದಿದ್ದ ಬಣ್ಣ. ಅಪ್ಪನ ಹತ್ತಿರ ಆ ವಾರ ಅಷ್ಟು ದೊಡ್ಡ ಮುಖಕ್ಕೆ ಸಾಲುವಷ್ಟು ಬೇರೆ ಬಣ್ಣ ಇರಲಿಲ್ಲ.

ಅಪ್ಪ ಹೊನ್ನವಳ್ಳಿ ಕಡೆಯ ರೈತ. ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ, ಜೊತೆಗೆ ಯಾರೂ ಹೇಳಿಕೊಡದೆ ಬಂದ ಕೈಚಳಕ. ಊರ ಹೊರಗೆ ಆಗ ಟೆಂಟ್ ಸಿನಿಮಾ ಇತ್ತು. ದೊಡ್ಡ ಚಿತ್ರಗಳು ಅಲ್ಲಿಗೆ ಬರುವ ಹೊತ್ತಿಗೆ ಮುದಿಯಾಗಿರುತ್ತಿದ್ದವು. ಹೆಚ್ಚಾಗಿ ಬರುತ್ತಿದ್ದದ್ದು ಹಾವಿನ ಸಿನಿಮಾ, ದೆವ್ವದ ಸಿನಿಮಾ, ಕಾಡಿನ ಸಿನಿಮಾ. ಅವಕ್ಕೆ ಅಚ್ಚಾದ ಪೋಸ್ಟರ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆದ್ದರಿಂದ ಟೆಂಟಿನ ಬಾಗಿಲಿಗೆ ಕಟ್ಟಲು ಹಾಳೆಗಳನ್ನು ಕೂಡಿಸಿ ಅಂಟಿಸಿ ಒಂದು ದೊಡ್ಡ ಚಿತ್ರ ಬರೆಯುವ ಕೆಲಸ ಅಪ್ಪನ ಪಾಲಿಗೆ ಬಂದಿತ್ತು. ಅಪ್ಪ ಸಿನಿಮಾ ನೋಡಿ ಬರೆಯುತ್ತಿರಲಿಲ್ಲ. ರೀಲಿನ ಡಬ್ಬಿ ತರುವವನನ್ನು ಕೇಳಿ ಬರೆಯುತ್ತಿದ್ದ.

"ಏನೈತಲಾ ಇದ್ರಲ್ಲಿ?"

"ಒಂದು ಹಾವೈತೆ, ಒಂದು ದೆವ್ವ ಐತೆ, ಎಲ್ಡು ಫೈಟ್ ಐತೆ ಕಣಣ್ಣ."

ಅಷ್ಟು ಸಾಕು. ಉಳಿದದ್ದು ಅಪ್ಪನ ತಲೆಯೊಳಗಿನದು. ಏನೇ ಬರೆದರೂ ಬಲಗಡೆ ಕೆಳಮೂಲೆಯಲ್ಲಿ ಒಂದು ಹುಲಿ ಇರಲೇಬೇಕು. ಹುಲಿ ಬರೆಯುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು, ಅದಕ್ಕೆ. ಆಟ ಮುಗಿದ ಮೇಲೆ ಜನ ಟೆಂಟಿನ ಯಜಮಾನನನ್ನು ಹಿಡಿದುಕೊಂಡು "ಹುಲಿ ಎಲ್ರೀ?" ಎಂದು ಕೇಳುತ್ತಿದ್ದರು. "ಮುಂದಿನ್ವಾರ ಬತ್ತದೆ ಕಣ್ರೀ" ಎಂದು ಅವನು ತಪ್ಪಿಸಿಕೊಳ್ಳುತ್ತಿದ್ದ.

ಇದನ್ನೆಲ್ಲ ಬರೆಯುವಾಗ ನನಗೆ ನಗು ಬರುತ್ತದೆ. ನಗು ಬಂದದ್ದಕ್ಕೆ ಸಿಟ್ಟೂ ಬರುತ್ತದೆ. ಆ ಚಿತ್ರಗಳು ಕೆಟ್ಟದಾಗಿರಲಿಲ್ಲ ಸ್ವಾಮಿ. ದನ ಮಾರಿ, ಬಿಸಿಲಲ್ಲಿ ಬೆಂದು ಸಂತೆಯಿಂದ ಬರುವವನ ಕಾಲನ್ನು ಒಂದು ಹಾಳೆ ತಡೆದು ನಿಲ್ಲಿಸಬೇಕು. ಅದಕ್ಕೆ ನಾಜೂಕು ಸಾಲದು. ಭಯ, ಆಸೆ, ಹೊಡೆದಾಟ, ರಕ್ತ ತೊಟ್ಟಿಕ್ಕುವ ಅಕ್ಷರ, ಎಲ್ಲವೂ ಒಂದೇ ಏಟಿಗೆ ಕಣ್ಣಿಗೆ ಬಡಿಯಬೇಕು. ಅಪ್ಪನ ಹಾಳೆಯಲ್ಲಿ ಅಂಗೈಯಗಲ ಖಾಲಿ ಜಾಗ ಇರುತ್ತಿರಲಿಲ್ಲ. ಒಳಗೆ ಗೀರು ಬಿದ್ದ, ಮಾತು ಕೇಳಿಸದ ಸಿನಿಮಾ ನೋಡಿ ಬಂದವರು, ಹೊರಗೆ ಮತ್ತೆ ಈ ಚಿತ್ರದ ಮುಂದೆ ನಿಂತು ಒಳಗೆ ಸಿಗದಿದ್ದನ್ನು ನೋಡಿಕೊಂಡು ಮನೆಗೆ ಹೋಗುತ್ತಿದ್ದರು. ನಾನೂ ಹಾಗೆ ನಿಂತವಳೇ. ಈ ಕಾಫಿ ಅಂಗಡಿಯವನು ಏನನ್ನು ನೋಡಿ ಮರುಳಾಗಿದ್ದಾನೆ ಎನ್ನುವುದು ನನಗೆ ಅವನಿಗಿಂತ ಚೆನ್ನಾಗಿ ಗೊತ್ತು. ಚೆಂದ ಅನ್ನಲಿ, ಬೇಡ ಅನ್ನುವುದಿಲ್ಲ. ಕೆಟ್ಟದ್ದು, ಅದಕ್ಕೇ ಚೆಂದ ಅನ್ನುತ್ತಾನಲ್ಲ, ಆ ಮಾತಿಗೆ ಮೈ ಉರಿಯುತ್ತದೆ.

ಸಿನಿಮಾ ಬದಲಾದ ಮೇಲೆ ಹಾಳೆಗಳು ನಮ್ಮ ಮನೆಗೆ ಬರುತ್ತಿದ್ದವು. ನಮ್ಮ ಕಡೆ ಕೊಬ್ಬರಿಗೆ ಬಿಡುವ ಕಾಯನ್ನು ಅಟ್ಟಕ್ಕೆ ಏರಿಸಿದರೆ ಒಳಗಿನ ನೀರು ಆರಿ ಲೊಟಲೊಟ ಅನ್ನುವವರೆಗೆ, ಹೆಚ್ಚುಕಮ್ಮಿ ಒಂದು ವರ್ಷ, ಅಲ್ಲೇ ಇರುತ್ತದೆ. ಅಡುಗೆಮನೆಯ ಮೇಲಿನ ಅಟ್ಟಕ್ಕೆ ಹೊಗೆ ಬೇಕು, ಅದರ ಸಂದು ಮುಚ್ಚುವುದಿಲ್ಲ. ನಡುಮನೆಯ ಮೇಲಿನದಕ್ಕೆ ಮಾತ್ರ, ಅಟ್ಟಕ್ಕೆ ಹಾಸಿದ ಮರದ ದಬ್ಬೆಗಳ ನಡುವಿನಿಂದ ನಾರು ದೂಳು ಮಲಗಿದವರ ಬಾಯಿಗೆ ಬೀಳಬಾರದೆಂದು ಕೆಳಗಿನಿಂದ ಕಾಗದ ಅಂಟಿಸುತ್ತಿದ್ದರು. ಬೇರೆಯವರು ಹಳೆಯ ಪೇಪರ್ ಅಂಟಿಸಿದರೆ ನಮ್ಮಪ್ಪ ಪೋಸ್ಟರ್ ಅಂಟಿಸಿದ, ಅದೂ ಚಿತ್ರ ಕೆಳಮುಖವಾಗಿ. ಮೈದಾ ಗೋಂದಿಗೆ ಒಂದು ಚಿಟಿಕೆ ಮೈಲುತುತ್ತ ಸೇರಿಸಿದ್ದರಿಂದ ಗೆದ್ದಲು ಮುಟ್ಟಲಿಲ್ಲ, ಜಿರಳೆ ಮುಟ್ಟಲಿಲ್ಲ. ನಾವು ಹಾಸಿಗೆಯಲ್ಲಿ ಕಣ್ಣು ಬಿಟ್ಟರೆ ಮೇಲೆ ಹುಲಿ, ಕತ್ತಿ, ಹಾವು, ಅವುಗಳ ನಡುವೆ ಅತ್ತೆ.

ಅತ್ತೆ ಎಂದರೆ ಅಪ್ಪನ ತಂಗಿ. ಆಗ ಅವಳಿಗೆ ಇಪ್ಪತ್ತೆರಡು, ನನಗೆ ಒಂಬತ್ತು. ದಂಡಿನಶಿವರದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ತಿಪಟೂರಿನ ಸ್ಟುಡಿಯೊದಲ್ಲಿ ಒಂದು ಫೋಟೊ ತೆಗೆಸಿ ಗಂಡಿನ ಮನೆಗೆ ಕಳಿಸಿದ್ದರು. ಅವರು ಹೆಣ್ಣು ನೋಡಲು ಬಸ್ಸಿಳಿದದ್ದು ಟೆಂಟಿನ ಎದುರಿಗೇ. ಫೋಟೊದಲ್ಲಿ ನೋಡಿದ ಹುಡುಗಿ ಹಸಿರು ಮುಖ ಮಾಡಿಕೊಂಡು, ರಕ್ತ ಸುರಿಸುತ್ತ, ತಲೆ ತುಂಬ ಹಾವು ಬಿಟ್ಟುಕೊಂಡು ನಿಂತಿದ್ದಾಳೆ. ಮನೆಗೆ ಬಂದರು, ಉಪ್ಪಿಟ್ಟು ತಿಂದರು, ಸಿನಿಮಾದ ದೆವ್ವವನ್ನು ಮನೆ ತುಂಬಿಸಿಕೊಳ್ಳುವುದಕ್ಕೆ ಆಗುವುದಿಲ್ಲ ಎಂದು ಮಧ್ಯಸ್ಥನ ಬಾಯಲ್ಲಿ ಹೇಳಿಸಿ ಹೋದರು. ಆ ಫೋಟೊ ಕೂಡ ವಾಪಸು ಬರಲಿಲ್ಲ. ಆಮೇಲೆ ಬಂದ ಸಂಬಂಧಗಳಿಗೂ ಸುದ್ದಿ ಮೊದಲೇ ತಲುಪಿರುತ್ತಿತ್ತು. ಅತ್ತೆ ಮದುವೆಯಾಗಲಿಲ್ಲ. ನಮ್ಮ ಮನೆಯಲ್ಲೇ ಉಳಿದು, ತೋಟ ನೋಡಿಕೊಂಡು, ನಮ್ಮನ್ನು ಸಾಕಿದಳು.

ಅಪ್ಪನ ಮೇಲಿನ ಆ ಕೋಪ ನನಗೆ ಅವನು ತೀರಿಕೊಂಡ ಮೇಲೂ ಇಳಿದಿಲ್ಲ. ಊರಲ್ಲಿ ಬೇರೆ ಮುಖ ಇರಲಿಲ್ಲವೇ? ದೆವ್ವಕ್ಕೆ ಸ್ವಂತ ತಂಗಿಯೇ ಬೇಕಿತ್ತೇ? ಅಷ್ಟು ಸಾಲದು ಎನ್ನುವಂತೆ ಅದನ್ನು ತಂದು ಅವಳು ಮಲಗುವ ಜಾಗದ ಮೇಲೆಯೇ ಅಂಟಿಸಬೇಕೇ? ಅತ್ತೆ ಮಾತ್ರ ಒಂದು ದಿನವೂ ಆ ಬಗ್ಗೆ ಬಾಯಿ ಬಿಡಲಿಲ್ಲ. ಅವಳು ನುಂಗಿಕೊಂಡಿದ್ದಾಳೆ, ಅವಳ ಬದಲು ನಾನಾದರೂ ಕೋಪ ಮಾಡಿಕೊಳ್ಳಬೇಕು ಎಂದು ನಾನೇ ತೀರ್ಮಾನಿಸಿದ್ದೆ.

ಈ ವರ್ಷ ತಮ್ಮ ತೋಟದಲ್ಲಿ ಕಾಯಿಗೆ ಬೇರೆ ಶೆಡ್ ಕಟ್ಟಿಸಿ ನಡುಮನೆಯ ಅಟ್ಟ ಬಿಚ್ಚಿಸಿದ. ಸುದ್ದಿ ತಿಳಿದು ಈ ಗಡ್ಡದವನು ಬಂದು, ದಬ್ಬೆಗಳ ಸಮೇತ ಅಳತೆಗೆ ಕುಯ್ದುಕೊಂಡು ಹೋಗಿದ್ದಾನೆ. ನಾನು ತಮ್ಮನಿಗೆ ಫೋನಿನಲ್ಲೇ ಚಳಿ ಬಿಡಿಸಿದೆ.

"ನೀನ್ಯಾಕಕ್ಕ ಇಷ್ಟು ಉರ್ಕೊಂಡಿದೀಯ? ಬುಡು ಅತ್ಲಾಗೆ. ಒಲೆಗೆ ಹೋಗೋ ಬದ್ಲು ನಾಲ್ಕು ಜನ ನೋಡ್ತಾರೆ" ಅಂದ.

"ಅತ್ತೇನ ಕೇಳಿದ್ಯೇನೋ?"

"ಅತ್ತೇನೇ ಕೊಡು ಅಂದದ್ದು ಕಣಕ್ಕ."

ನಾನು ನಂಬಲಿಲ್ಲ. ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿ ಊರಿಗೆ ಹೋದೆ. ಅತ್ತೆ ಹಿತ್ತಲಲ್ಲಿ ಸೋಗೆಯ ಕಡ್ಡಿ ಸೀಳಿ ಪೊರಕೆ ಕಟ್ಟುತ್ತಿದ್ದಳು. ಎಪ್ಪತ್ತು ದಾಟಿದರೂ ಕೈ ಸುಮ್ಮನಿರುವುದಿಲ್ಲ. ಹೆದ್ದಾರಿಯಲ್ಲಿ ಹೋಗುವ ಬರುವವರೆಲ್ಲ ಅವಳ ಮುಖದ ಮುಂದೆ ನಾಲಿಗೆ ಚಾಚಿ ಆಡಿಕೊಳ್ಳುತ್ತಿದ್ದಾರೆ ಎಂದು ಹೇಳಿದೆ. ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಪೊರಕೆಗೆ ಗಂಟು ಬಿಗಿದು ಎದ್ದಳು.

"ಕರ್ಕೊಂಡೋಗು, ನೋಡ್ಕಂಡು ಬತ್ತೀನಿ."

ಆಟೋದಲ್ಲಿ ದಾರಿಯುದ್ದಕ್ಕೂ ಅವನಿಗೆ ಏನೇನು ಬಯ್ಯಬೇಕು ಎಂದು ಜೋಡಿಸಿಕೊಂಡೆ. ಅತ್ತೆಯನ್ನು ಕಣ್ಣೆದುರು ನಿಲ್ಲಿಸಿದರೆ ಇಳಿಸದೆ ಹೇಗಿರುತ್ತಾನೆ ನೋಡೋಣ ಎನ್ನುವ ಹಟ. ಅಂಗಡಿಯಲ್ಲಿ ಆಗ ಇನ್ನೂ ಗಿರಾಕಿಗಳಿರಲಿಲ್ಲ. ಅತ್ತೆ ಸೆರಗು ಸರಿಮಾಡಿಕೊಂಡು ನೇರ ಗೋಡೆಯ ಹತ್ತಿರ ಹೋಗಿ ನಿಂತಳು. ತುಂಬ ಹೊತ್ತು ನಿಂತಳು. ಯಜಮಾನ ಕೈಮುಗಿದು, ಕುರ್ಚಿ ತಂದು ಹಾಕಿ, ತಾನಾಗಿಯೇ ವಿವರಿಸತೊಡಗಿದ.

"ಎಲ್ಲರೂ ಫೋಟೊ ತೆಗೆಯೋದು ಆ ಕಣ್ಣಿಗೇ ಅಜ್ಜಿ. ಕಣ್ಣೇ ಇಲ್ಲದ ಹಾಗೆ ಬಿಟ್ಟಿದಾರಲ್ಲ, ಅದೇ ಈ ಚಿತ್ರದ ಜೀವ. ಆ ಆರ್ಟಿಸ್ಟಿಗೆ ಅದು ಹೆಂಗೆ ಹೊಳೀತೋ."

ಆರ್ಟಿಸ್ಟಿಗೆ ಅದು ಹೊಳೆದಿರಲಿಲ್ಲ. ಕಣ್ಣು ಕಿತ್ತವಳು ನಾನು. ಇಲ್ಲಿಯವರೆಗೆ ಬರೆಯದೆ ಮುಂದೂಡಿಕೊಂಡು ಬಂದದ್ದು ಇದನ್ನೇ. ಸಂಬಂಧ ಮುರಿದು, ಆ ಹಾಳೆ ನಮ್ಮ ಅಟ್ಟಕ್ಕೆ ಬಂದ ವಾರ ಶಾಲೆಯಲ್ಲಿ ನನ್ನನ್ನು ದೆವ್ವದ ಮನೆಯವಳು ಎಂದು ಕರೆದು, ಪಕ್ಕದಲ್ಲಿ ಕೂರಲು ಯಾರೂ ಒಪ್ಪಲಿಲ್ಲ. ಮಧ್ಯಾಹ್ನ ಮನೆಗೆ ಬಂದೆ, ಯಾರೂ ಇರಲಿಲ್ಲ. ನಡುಮನೆಯಲ್ಲಿ ಒಟ್ಟಿದ್ದ ಕೊಬ್ಬರಿ ಚೀಲಗಳನ್ನು ಹತ್ತಿ, ಒಂದು ಚಿಪ್ಪಿನ ಚೂರಿನಿಂದ ಆ ಎರಡು ಕಣ್ಣುಗಳನ್ನು ಬಿಳಿ ಕಾಗದ ಕಾಣುವವರೆಗೆ ಕೆರೆದೆ. ಕೆಳಗಿಳಿದು ಪುಡಿಯನ್ನು ಗುಡಿಸಿ ಒಲೆಗೆ ಹಾಕಿದೆ. ಅಪ್ಪ ನೋಡಿ ಇಲಿ ಎಂದ. ಅತ್ತೆ ಏನೂ ಅನ್ನಲಿಲ್ಲ.

ಈಗ ಅಂದಳು, ತಿರುಗಿ ನೋಡದೆಯೇ. "ಇಲಿ ಅಲ್ಲ ಅಂತ ಅವತ್ತೇ ಗೊತ್ತು ಕಣೇ. ನಿನ್ನ ಉಗುರಿನ ಸಂದೀಲಿ ಹಸಿರು ಬಣ್ಣ ಇತ್ತು. ರಾತ್ರಿ ಉಣ್ಣಿಸೋವಾಗ ನೋಡ್ದೆ."

ಅವನಿಗೆ ಬಯ್ಯಲು ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ. "ಅಪ್ಪ ಮಾಡಿದ್ದು ತಪ್ಪಲ್ವಾ ಅತ್ತೆ? ಅದರಿಂದಲೇ ತಾನೇ ನಿನ್ನ ಸಂಬಂಧ..." ಎಂದು ಏನೋ ತೊದಲಿದೆ.

"ಅಣ್ಣ ಏನು ಕದ್ದು ಬರೆದ್ನಾ? ನಾನೇ ಕೂತಿದ್ದೆ. ಮೂರು ಮಧ್ಯಾಹ್ನ, ಕೂದ್ಲು ಬಿಚ್ಕಂಡು, ಅಲ್ಲಾಡದಂಗೆ. ಟೆಂಟಿನ ಬಾಗಲಾಗೆ ನನ್ ಮುಖ ಬತ್ತದೆ ಅಂತ ಎಷ್ಟು ಆಸೆ ಇತ್ತು ಗೊತ್ತೇನೇ? ಹಾವು ಆಮೇಕೆ ಸೇರ್ಸಿದ. ಇರ್ಲಿ ಬುಡು, ಹಾವೂ ಚೆನ್ನಾಗೇ ಅವೆ." ಅವಳು ಕುರ್ಚಿಯಲ್ಲಿ ಕೂತಳು. "ಫೋಟೋನಾ ಅವ್ರು ಇಟ್ಕಂಡ್ರು. ನಂದು ಅಂತ ಉಳಿದದ್ದು ಇದೊಂದೇ. ಕಣ್ಣಿಲ್ಲದ ಮುಖ ನೋಡ್ಕಂಡೇ ಇಷ್ಟು ವರ್ಷ ಮಲ್ಗಿದೀನಿ. ರಿಪೇರಿ ಮಾಡಿಸ್ತಾರೆ ಅಂತ ನಿನ್ ತಮ್ಮ ಅಂದ, ಅದ್ಕೇ ಕೊಡು ಅಂದೆ."

ರಿಪೇರಿ ಎಂದರೆ ಚೌಕಟ್ಟು ಹಾಕಿಸುವುದು ಎಂದು ತಮ್ಮ ತಿಳಿದಿದ್ದ. ಅತ್ತೆ ಕಣ್ಣು ಎಂದು ತಿಳಿದಿದ್ದಳು. ಯಜಮಾನನ ಮುಖ ಪೆಚ್ಚಾಯಿತು. ಒಳ್ಳೆಯ ಹುಡುಗನೇ ಇರಬೇಕು, ಅದನ್ನೂ ನಾನು ಹಲ್ಲು ಕಚ್ಚಿಕೊಂಡೇ ಒಪ್ಪಬೇಕಾಗಿದೆ. ಒಳಗೆ ಹೋಗಿ ಕಾಗದ ಪೆನ್ಸಿಲ್ ತಂದು, ತನಗೂ ಸ್ವಲ್ಪ ಬರೆಯಲು ಬರುತ್ತದೆ, ಈಗಿನ ಕಣ್ಣನ್ನೇ ನೋಡಿ ಬರೆಯಲೇ ಅಜ್ಜಿ ಎಂದು ಕೇಳಿದ.

"ಇವು ಬ್ಯಾಡಪ್ಪ. ಇವು ಪೊರೆ ತೆಗೆಸಿರೋ ಕಣ್ಣು. ನಂಗೆ ಅವೇ ಬೇಕು" ಎಂದು ಅತ್ತೆ ನನ್ನ ಕಡೆ ತಿರುಗಿದಳು. ದನಿಯಲ್ಲಿ ಕೋಪವಿರಲಿಲ್ಲ. ಒಂದಿಷ್ಟಾದರೂ ಇದ್ದಿದ್ದರೆ ನನಗೆ ಆಸರೆಯಾಗುತ್ತಿತ್ತು. "ಕೆರೆಯೋಕೆ ಮುಂಚೆ ನೋಡಿರ್ತೀಯಲ್ಲ. ಅಷ್ಟು ಹತ್ರದಿಂದ ನೋಡಿದೋಳು ನೀನೊಬ್ಳೇ. ಹೆಂಗಿದ್ವು ಹೇಳು, ಬರೀತಾನೆ."

ಹುಡುಗ ಪೆನ್ಸಿಲ್ ಹಿಡಿದು ನಿಂತ. ನಾನು ಗೋಡೆಯ ಹತ್ತಿರ ಹೋದೆ. ಕೊಬ್ಬರಿ ಚೀಲದ ವಾಸನೆ ನೆನಪಿದೆ. ಕೈಯೊಳಗಿನ ಚಿಪ್ಪಿನ ಚೂರು, ಮುಖದ ಮೇಲೆ ಉದುರಿದ ಪುಡಿ, ಎದೆಯೊಳಗೆ ಕುದಿಯುತ್ತಿದ್ದ ಸಿಟ್ಟು, ಒಂದೂ ಮರೆತಿಲ್ಲ. ಕಣ್ಣುಗಳನ್ನು ಮಾತ್ರ ನಾನು ನೋಡಿರಲೇ ಇಲ್ಲ. ಅತ್ತೆ ನನ್ನ ಬಾಯನ್ನೇ ನೋಡುತ್ತ ಕಾಯುತ್ತಿದ್ದಳು.