ಕುಡಿಯುವ ನೀರಿನ ಕೊಳ

ಎಪ್ಪತ್ತರ ದಶಕದಲ್ಲಿ ನಾನು ಮಂಡ್ಯದ ಶಾಲೆಯೊಂದರಲ್ಲಿ ಟೀಚರಾಗಿದ್ದೆ. ಒಂದು ಭಾನುವಾರ ನಾಲ್ಕೈದು ಟೀಚರುಗಳು ಸೇರಿ, ವ್ಯಾನು ಮಾಡಿಕೊಂಡು ಜಲಪಾತ ನೋಡಲು ಹೊರಟೆವು. ಮಳವಳ್ಳಿ ದಾಟಿದ ಮೇಲೆ ಒಂದು ಹಳ್ಳಿಯ ಕೊಳದ ಬಳಿ, ಹೊಂಗೆಮರದ ನೆರಳಲ್ಲಿ ಕೂತು ಪುಳಿಯೋಗರೆ ತಿಂದೆವು. ಎಣ್ಣೆ ಮೆತ್ತಿದ ಪಾತ್ರೆಗಳನ್ನು ನಾನು ಸೋಪಿನ ಪುಡಿ ಹಾಕಿ ಕೊಳದಲ್ಲೇ ತೊಳೆದೆ.

ಅಷ್ಟರಲ್ಲಿ ಬಿಂದಿಗೆ ಹಿಡಿದ ಹೆಂಗಸೊಬ್ಬಳು ಮೆಟ್ಟಿಲ ಮೇಲೆ ಬಂದು ನಿಂತಳು.

“ಕುಡ್ಯೋ ನೀರು ಕಣಮ್ಮ ಇದು!”

“ಗೊತ್ತಿರಲಿಲ್ಲಮ್ಮ,” ಎಂದೆ.

“ಅಲ್ಲೇ ನಮ್ಮನೆ ಅದೆ. ಒಂದ್ ಮಾತು ಕೇಳಿದ್ರೆ ದನ ತೊಳ್ಯೋ ಕೆರೆ ತೋರುಸ್ತಿದ್ದೆ. ಓದ್ದೋರು, ಕೇಳ್ಬಾರ್ದಾ?”

ಅದೇ ವಾರ ಮಕ್ಕಳಿಗೆ ಶುದ್ಧ ನೀರಿನ ಪಾಠ ಮಾಡಿದ್ದೆ. ಕ್ಷಮೆ ಕೇಳುವ ಬದಲು, ಉಳಿದಿದ್ದ ಪುಳಿಯೋಗರೆಯನ್ನು ಅವಳತ್ತ ಚಾಚಿದೆ.

“ಬ್ಯಾಡ ಬುಡಿ,” ಎಂದವಳು ನೀರಿಗಿಳಿದು, ತೇಲುತ್ತಿದ್ದ ನೊರೆಯನ್ನು ಅಂಗೈಯಿಂದ ಪಕ್ಕಕ್ಕೆ ಸರಿಸಿ ಸರಿಸಿ ಬಿಂದಿಗೆ ತುಂಬಿಕೊಂಡು ಹೋದಳು.

ಜಲಪಾತದ ಎದುರು ಎಲ್ಲರೂ ಕೇಕೆ ಹಾಕುತ್ತಿದ್ದರೆ ನನಗೆ ತಲೆ ಎತ್ತಲಾಗಲಿಲ್ಲ. ಆಮೇಲೆ ಎಷ್ಟೋ ಸಲ ಆ ದಾರಿಯಲ್ಲಿ ಬಸ್ಸಿನಲ್ಲಿ ಓಡಾಡಿದ್ದೇನೆ. ಇಳಿದು, ಅವಳ ಮನೆ ಹುಡುಕಿ, ತಪ್ಪಾಯಿತು ಎನ್ನುವ ಧೈರ್ಯ ಮಾತ್ರ ಒಮ್ಮೆಯೂ ಬರಲಿಲ್ಲ.