ಬಲಗಡೆಯ ಹೆಗಲು

ಕಳೆದ ತಿಂಗಳು ರಾಮನಗರದ ಒಂದು ಬಟ್ಟೆ ಅಂಗಡಿಯಲ್ಲಿ ಅರ್ಧ ದಿನ ಕಳೆದೆವು. ನಾನು, ನನ್ನ ಹೆಂಡತಿ, ಅವಳ ತಮ್ಮ, ಮತ್ತೆ ಆ ತಮ್ಮನ ಮಗಳಿಗೆ ಗೊತ್ತಾಗಿರುವ ಗಂಡು. ನಮ್ಮ ಕಡೆ ಆರತಕ್ಷತೆಗೆ ಗಂಡು ಹಾಕುವ ಸೂಟು ಹೆಣ್ಣಿನ ಮನೆಯವರ ಲೆಕ್ಕಕ್ಕೆ. ಅವರೇ ಕರೆದುಕೊಂಡು ಹೋಗಬೇಕು, ಪಕ್ಕದಲ್ಲಿ ನಿಂತು ಅಳತೆ ಕೊಡಿಸಬೇಕು. ಹುಡುಗ ಒಳ್ಳೆಯ ಎತ್ತರ, ತೆಳ್ಳಗೆ, ಮೈಯನ್ನು ಹುರಿಗಟ್ಟಿಸಿಕೊಂಡಿದ್ದಾನೆ. ಇಂಥ ಮೈಗೆ ಸೂಟು ಸಿಗುವುದು ಬಲು ಕಷ್ಟ. ಹೆಗಲಿಗೆ ಸರಿಹೋದದ್ದು ಸೊಂಟದ ಹತ್ತಿರ ಗೋಣಿಚೀಲ, ಸೊಂಟಕ್ಕೆ ಸರಿಹೋದದ್ದನ್ನು ಹಾಕಿಕೊಂಡರೆ ಕೈ ಎತ್ತುವಂತಿಲ್ಲ. ಐದನೆಯ ಕೋಟಿನ ಹೆಗಲ ಮೇಲೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಪೆಟ್ಟಿಗೆ ಇಟ್ಟರು. ಉಸ್ಸೆಂದು ಆವಿ ಎದ್ದಿತು. ಬಿಸಿಯಾದ ಉಣ್ಣೆ ಬಟ್ಟೆಯ ವಾಸನೆ, ಅದರೊಳಗಿನ ಗಂಜಿಯ ವಾಸನೆ... ನಾನು ಎದ್ದು ಹೋಗಿ ಬಾಗಿಲ ಹತ್ತಿರ ನಿಂತುಕೊಂಡೆ.

ಆ ವಾಸನೆಯನ್ನು ನಾನು ಮೊದಲು ಕುಡಿದದ್ದು ಚನ್ನಪಟ್ಟಣದಲ್ಲಿ, ಒಂದು ಮಹಡಿ ಮೇಲಿನ ಅಂಗಡಿಯಲ್ಲಿ. ಮೂವತ್ತು ವರ್ಷದ ಮೇಲಾಯಿತು. ಅಂಗಡಿಯವರನ್ನು ಎಲ್ಲರೂ ಟೈಲರಣ್ಣ ಎನ್ನುತ್ತಿದ್ದರು. ಶರಟು ಪ್ಯಾಂಟು ಹೊಲಿಯುವವರು ಊರ ತುಂಬ ಇದ್ದರು, ಕೋಟಿಗೆ ಮಾತ್ರ ಇವರೇ. ಮಾಗಡಿ, ಕನಕಪುರದಿಂದಲೂ ಗಂಡುಗಳು ಆ ಕಡಿದಾದ ಮೆಟ್ಟಿಲು ಹತ್ತಿ ಬರುತ್ತಿದ್ದರು. ನೋಡುವುದಕ್ಕೆ ಮಾತ್ರ ಈ ಮನುಷ್ಯ ಏನೇನೂ ಇರಲಿಲ್ಲ. ಗುಬ್ಬಚ್ಚಿಯಂಥ ಎದೆ, ಮೆಷಿನ್ನಿನ ಮೇಲೆ ಬಾಗಿ ಬಾಗಿ ಗೂನಾದ ಬೆನ್ನು, ಮೈಮೇಲೆ ಗುಂಡಿ ಕಿತ್ತುಹೋದ ಶರಟು. ಊರಿಗೆಲ್ಲ ಕೋಟು ಹೊಲಿಯುವವನ ಅವತಾರ ನೋಡು ಎಂದು ನಾನೇ ಮೊದಲ ದಿನ ಮನಸ್ಸಿನಲ್ಲಿ ನಕ್ಕಿದ್ದೆ.

ಬಾಯಿ ಮಾತ್ರ ಜೋರು. ಹೊಟ್ಟೆ ಬಿಟ್ಟವರು ಬಂದರೆ ಅವರಿಗೆ ಹಬ್ಬ. "ಗೌಡ್ರೇ, ಇದು ಕೋಟಲ್ಲ, ಡೇರೆ ಹೊಲೀಬೇಕು ಕಣಪ್ಪ," ಎಂದು ಟೇಪು ಸುತ್ತುತ್ತಿದ್ದರು. ಗೌಡರೂ ಹೊಟ್ಟೆ ಕುಲುಕಿಸಿ ನಗುತ್ತಿದ್ದರು. ಆದರೆ ಒಂದು ವಿಷಯ ನನಗೆ ಆಗ ಹೊಳೆಯಲಿಲ್ಲ. ಟೈಲರಣ್ಣ ನಗುತ್ತಿದ್ದದ್ದು ಹೊಟ್ಟೆಯನ್ನು ನೋಡಿ ಮಾತ್ರ. ಒಬ್ಬನಿಗೆ ಒಂದು ಕೈ ಸೊಟ್ಟ, ಇನ್ನೊಬ್ಬನಿಗೆ ಕುತ್ತಿಗೆ ಒಂದು ಕಡೆಗೆ ವಾಲಿದೆ, ಅಂಥದ್ದು ಕಂಡಾಗ ಅವರ ಬಾಯಿ ಮುಚ್ಚಿಹೋಗುತ್ತಿತ್ತು. ಅಳತೆಯನ್ನು ಕೂಗಿ ಹೇಳಿಕೊಳ್ಳುತ್ತಿದ್ದವರು ಅಲ್ಲಿಗೆ ಬಂದಾಗ ಸುಮ್ಮನೆ ಬರೆದುಕೊಂಡು ಮುಂದಕ್ಕೆ ಹೋಗುತ್ತಿದ್ದರು. ಐಬನ್ನು ಬಟ್ಟೆಯೊಳಗೇ ಮುಚ್ಚಿ ಹೊಲಿದು ಕೊಡುತ್ತಿದ್ದರು. ಹಾಕಿಕೊಂಡವನಿಗೂ ಎಷ್ಟೋ ಸಲ ಗೊತ್ತಾಗುತ್ತಿರಲಿಲ್ಲ. ಈ ಮೌನಕ್ಕಾಗಿಯೇ ಜನ ಅಲ್ಲಿಗೆ ಹೋಗುತ್ತಿದ್ದರು ಅಂತ ಈಗ ಅನ್ನಿಸುತ್ತದೆ...

ನನ್ನದು ಸೋಲೂರಿನ ಹತ್ತಿರದ ಹಳ್ಳಿ. ಆಗಷ್ಟೇ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರ ಕೆಲಸ ಸಿಕ್ಕಿತ್ತು. ವಾಲಿಬಾಲಿನಲ್ಲಿ ನಾನು ಸ್ಮ್ಯಾಷರ್. ನೆಟ್ಟಿನ ಮೇಲೆ ಎಗರಿ ಹೊಡೆದರೆ ಆ ಕಡೆಯವರು ಪಕ್ಕಕ್ಕೆ ಸರಿಯುತ್ತಿದ್ದರು. ಸಣ್ಣ ಸೊಂಟ, ಅಗಲವಾದ ಎದೆ. ನನಗೆ ಮೈಯ ಸೊಕ್ಕಿತ್ತು, ಸುಳ್ಳು ಯಾಕೆ ಹೇಳಲಿ. ಬಸ್ಸಿನ ಕಿಟಕಿಯ ಗಾಜು ಕಂಡರೂ ಒಂದು ಸಲ ನೋಡಿಕೊಳ್ಳುತ್ತಿದ್ದೆ. ಹೆಣ್ಣು ಗೊತ್ತಾದದ್ದು ಹೊಂಗನೂರಿನಲ್ಲಿ, ರೇಷ್ಮೆ ಬೆಳೆಯುವ ಮನೆ. ಮಾವ ಮತ್ತು ಇದೇ ಬಾಮೈದ ನನ್ನನ್ನು ಅಳತೆಗೆ ಕರೆದುಕೊಂಡು ಹೋದರು.

ಟೇಪು ಎದೆಗೆ ಬಂದಾಗ ಮಾವ ಬೆಂಚಿನ ಮೇಲೆ ಕೂತು ನಗುತ್ತಾ ಕೇಳಿದರು. "ಆಟ ಆಡೋ ಮೈ. ಎಲ್ಲೂ ಏಟುಗೀಟು ಬಿದ್ದಿಲ್ವೇನಪ್ಪ? ಆಮ್ಯಾಕೆ ನಮ್ಮುಡುಗಿ ನಿನ್ನ ಸೇವೆ ಮಾಡ್ಕಂಡು ಕುಂತ್ಕಂಡಾಳು." ತಮಾಷೆಯ ಧಾಟಿಯೇ. ಆದರೆ ಕಣ್ಣು ನನ್ನ ಮೈಯ ಮೇಲಿತ್ತು. ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸುವವರು ನೋಡುವಂತೆ ನೋಡಿದರು. ಹಿಂದೆ ಒಂದು ಸಂಬಂಧವನ್ನು, ಹುಡುಗನಿಗೆ ಮಂಡಿ ಸರಿಯಿಲ್ಲ ಎಂದು ಯಾರೋ ಹೇಳಿದ್ದಕ್ಕೇ ಬಿಟ್ಟಿದ್ದರಂತೆ. "ಏನೂ ಇಲ್ಲ ಮಾವ," ಎಂದೆ. ನನಗೆ ಗೊತ್ತಿದ್ದ ಮಟ್ಟಿಗೆ ಅದು ನಿಜ. ಟೈಲರಣ್ಣ ಆ ಮಾತು ಕೇಳಿಸಿಕೊಂಡು ಹೆಗಲಿಗೆ ಟೇಪು ಹಿಡಿದರು. ಬೆನ್ನ ಹಿಂದೆ ನಿಂತು ಎರಡು ಅಂಗೈಯನ್ನೂ ನನ್ನ ಎರಡು ಹೆಗಲ ಮೇಲೆ ಇಟ್ಟರು. ಸ್ವಲ್ಪ ಹೊತ್ತು ತೆಗೆಯಲೇ ಇಲ್ಲ. ಏನೂ ಹೇಳದೆ ಬರೆದುಕೊಂಡರು.

ಮಾವ ಮೆಟ್ಟಿಲಿಳಿಯುತ್ತಿದ್ದಾಗ ಟೈಲರಣ್ಣ ನನ್ನ ತೋಳು ಹಿಡಿದು ಮೆಲ್ಲಗೆ, "ನಾಳೆ ನಾಡಿದ್ದರಲ್ಲಿ ಒಬ್ರೇ ಒಂದ್ಸಲ ಬನ್ನಿ ಸ್ವಾಮಿ. ಒಸಿ ನೋಡೋದೈತೆ," ಎಂದರು. ನಾನು ಹೋಗಲಿಲ್ಲ. ಬಟ್ಟೆ ಹೊಲಿಯುವವನು ಕರೆದ ಅಂತ ಸೋಲೂರಿನಿಂದ ಬಸ್ಸು ಬದಲಿಸಿಕೊಂಡು ಚನ್ನಪಟ್ಟಣದವರೆಗೆ ಯಾರು ಹೋಗುತ್ತಾರೆ? ಬಿಳಿ ದಾರದ ಕಚ್ಚಾ ಹೊಲಿಗೆ ಹಾಕಿ ಮೈಮೇಲಿಟ್ಟು ನೋಡುವ ದಿನ ಹೋದೆ, ಅವತ್ತೂ ಬಾಮೈದ ಪಕ್ಕದಲ್ಲೇ ಇದ್ದ. ಟೈಲರಣ್ಣ ನನ್ನ ಮುಖ ನೋಡಿದರು, ಅವನ ಮುಖ ನೋಡಿದರು, ಗುಂಡುಸೂಜಿ ಬಾಯಲ್ಲಿಟ್ಟುಕೊಂಡು ಕೆಲಸ ಮುಗಿಸಿದರು.

ಆರತಕ್ಷತೆಯ ಹಿಂದಿನ ದಿನ ಕೋಟು ತೆಗೆದುಕೊಳ್ಳಲು ನಾನೂ ಬಾಮೈದನೂ ಹೋದೆವು. ಮದುವೆಯ ಕಾಲ, ಅಂಗಡಿಯಲ್ಲಿ ಏಳೆಂಟು ಜನ. ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಅಷ್ಟು ಚೆನ್ನಾಗಿ ಒಪ್ಪಿದ ಬಟ್ಟೆಯನ್ನು ನಾನು ಅದಕ್ಕೆ ಮುಂಚೆಯೂ ಹಾಕಿರಲಿಲ್ಲ, ಆಮೇಲೂ ಹಾಕಲಿಲ್ಲ. ಸೊಂಟದಲ್ಲಿ ಒಂದು ಸುಕ್ಕಿಲ್ಲ. ಕೈ ಎತ್ತಿದರೆ ಕಾಲರ್ ಕದಲಲಿಲ್ಲ. ಹೆಗಲು ಬಾಗಿಲ ಚೌಕಟ್ಟಿನ ಹಾಗೆ ನೇರ. ಅಂಗಡಿಯಲ್ಲಿದ್ದವರೆಲ್ಲ ನೋಡುತ್ತಿದ್ದರು, ಟೈಲರಣ್ಣನೂ ಕೈಕಟ್ಟಿಕೊಂಡು ನೋಡುತ್ತಿದ್ದರು. ಅವರ ಮುಖದಲ್ಲಿ ಅವತ್ತು ಕಂಡ ಸಂತೋಷ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಬಿಚ್ಚಿ ಕೊಟ್ಟೆ. ಬಾಮೈದ ಮೇಜಿನ ಮೇಲಿಟ್ಟು ಮಡಚುವಾಗ ಹೆಗಲನ್ನು ಅದುಮಿ ನೋಡಿದ. "ಭಾವ, ಇಲ್ಲಿ ನೋಡಿ. ಬಲಗಡೆ ದಪ್ಪ ಐತೆ, ಎಡಗಡೆ ತೆಳ್ಳಗೈತೆ." ನಾನೂ ಅದುಮಿದೆ. ನಿಜ. ಬಲ ಹೆಗಲೊಳಗೆ, ಕೋಟು ಬಿಗಿಯಾಗಿ ನಿಲ್ಲಲಿ ಎಂದು ಇಡುವ ಒರಟು ಕ್ಯಾನ್ವಾಸು ಬಟ್ಟೆ ಒಂದು ಬೆರಳು ದಪ್ಪ ಹೆಚ್ಚಿಗೆ ಇತ್ತು.

ನನಗೆ ಎಲ್ಲಿಂದ ಅಷ್ಟು ಕೋಪ ಬಂತೋ. ಬಾಮೈದನ ಮುಂದೆ ನಾನು ಬಿಗುವಿನ ಗಂಡು ಎಂದು ತೋರಿಸಿಕೊಳ್ಳಬೇಕಿತ್ತೇನೋ. ಬರುವಾಗ ಅಣ್ಣ ಎಂದವನು ಒಂದೇ ಏಟಿಗೆ ಏಕವಚನಕ್ಕೆ ಇಳಿದೆ. "ಏನಯ್ಯಾ, ಕಣ್ಣು ಕಾಣ್ಸಲ್ವಾ ನಿಂಗೆ?"

"ಮೇಜಿನ ಮ್ಯಾಲಿಟ್ಟು ನೋಡ್ಬೇಡಿ ಸ್ವಾಮಿ. ಹಾಕ್ಕಂಡಾಗ ಸರಿ ಐತಲ್ಲ," ಎಂದರು ಟೈಲರಣ್ಣ.

"ಸರಿ ಐತಾ? ಹಂಗಾದ್ರೆ ನೀನೇ ಹಾಕ್ಕೊ, ನೋಡಾನ."

ಹೇಳಿ ಸುಮ್ಮನಾಗಲಿಲ್ಲ. ಕೋಟನ್ನು ಎತ್ತಿ ಅವರ ಗೂನು ಬೆನ್ನಿನ ಮೇಲೆ ಹಾಕಿದೆ, ಕೈಗಳನ್ನು ಹಿಡಿದು ತೋಳಿನೊಳಗೆ ತೂರಿಸಿದೆ. ತೋಳು ಬೆರಳನ್ನು ದಾಟಿ ಕೆಳಗೆ ಜೋತುಬಿತ್ತು. ಭುಜ ಹಿಡಿದು ಒಬ್ಬೊಬ್ಬರ ಕಡೆಗೂ ತಿರುಗಿಸಿದೆ. "ನೋಡ್ಕಳಿ, ಇದು ಇವ್ರ ಫಿಟ್ಟಿಂಗು," ಎಂದೆ. ಜನ ನಕ್ಕರು. ಡೇರೆಯ ಗೌಡರಂಥವರೂ ಅಲ್ಲಿದ್ದರು, ಅವರು ಇನ್ನೂ ಜೋರಾಗಿ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಬಿಡಿಸಿಕೊಳ್ಳಲು ಟೈಲರಣ್ಣ ಪ್ರಯತ್ನಪಡಲಿಲ್ಲ. ನಾನು ತಿರುಗಿಸಿದ ಕಡೆಗೆ ತಿರುಗಿದರು...

ನಗು ನಿಂತ ಮೇಲೆ, "ಒಬ್ರೇ ಒಸಿ ಒಳಕ್ ಬನ್ನಿ, ಹೇಳ್ತೀನಿ," ಎಂದರು.

"ಒಳಕ್ಯಾಕೆ? ಅದೇನು ಹೇಳೋದಿದ್ರೂ ಎಲ್ಲರ ಮುಂದೆ ಹೇಳು."

ಅವರು ಬಾಮೈದನ ಕಡೆ ನೋಡಿದರು. ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು, ಅಂಗಡಿಯ ನಗು ನನ್ನ ಕಡೆಗೆ ತಿರುಗುತ್ತಿತ್ತು. ಹೇಳಲಿಲ್ಲ. ಕೋಟು ಬಿಚ್ಚಿ ಕೊಡವಿ, ಬ್ಲೇಡು ತೆಗೆದುಕೊಂಡು ಕೂತು ಬಲ ಹೆಗಲಿನ ಹೊಲಿಗೆ ಬಿಚ್ಚಿದರು. ತಿಂಗಳುಗಟ್ಟಲೆ ಮಾಡಿದ ಕೆಲಸವನ್ನು ಒಂದು ಗಂಟೆಯಲ್ಲಿ ಕೆಡಿಸಿ ಎರಡು ಕಡೆಯನ್ನೂ ಸಮ ಮಾಡಿದರು. ಕೊಡುವಾಗ ತಲೆ ಎತ್ತದೆ ಹೇಳಿದರು, "ಸ್ಟೇಜ್ ಮ್ಯಾಲೆ ಎಡಗಾಲಿನ ಮ್ಯಾಲೆ ಭಾರ ಬುಟ್ಟು ನಿಂತ್ಕಳಿ." ತಲೆ ಕೆಟ್ಟಿದೆ ಇವನಿಗೆ ಎಂದುಕೊಂಡು ಮೆಟ್ಟಿಲಿಳಿದೆ.

ಮಾರನೆಯ ಸಂಜೆ ಆರತಕ್ಷತೆ. ಹಾರ ಹಾಕಿಕೊಂಡು ನಿಂತ ಐದು ನಿಮಿಷಕ್ಕೆ ಫೋಟೋದವನು ಶುರುಮಾಡಿದ. "ಸಾರ್, ಬಲಗಡೆ ಶೋಲ್ಡರ್ ಒಸಿ ಎತ್ತಿ." ಎತ್ತಿದೆ. ಮುಂದಿನವರು ಬಂದು ಉಡುಗೊರೆ ಕೊಟ್ಟು ನಿಂತರು. "ಸಾರ್, ಮತ್ತೆ ಇಳೀತು. ಎತ್ತಿ." ಹೀಗೇ ಹತ್ತು ಸಲ, ಇಪ್ಪತ್ತು ಸಲ. ಕೋಟು ಬಲಕ್ಕೆ ಜಾರುತ್ತಿತ್ತು, ಎದೆಯ ಮೇಲೆ ಅಡ್ಡಡ್ಡ ನಿರಿಗೆ. ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸರು ಕಿವಿಯಲ್ಲಿ ಮಾತಾಡಿಕೊಂಡರು. ಸಾಕಾಗಿ, ಸುಮ್ಮನೆ ಆ ಮಾತು ನೆನಪಾಗಿ, ಎಡಗಾಲಿನ ಮೇಲೆ ಭಾರ ಬಿಟ್ಟೆ. "ಹಾಂ, ಈಗ ಕರೆಕ್ಟು ಸಾರ್. ಹಂಗೇ ಇರಿ," ಎಂದ ಫೋಟೋದವನು.

ಅಲ್ಲಿ, ಅಷ್ಟು ಜನರ ಮುಂದೆ, ಹಾರದ ಕೆಳಗೆ, ನನಗೆ ಎಲ್ಲವೂ ತಿಳಿಯಿತು. ಹತ್ತು ವರ್ಷ ಒಂದೇ ಕೈಯಲ್ಲಿ ಚೆಂಡು ಹೊಡೆದು ಹೊಡೆದು ನನ್ನ ಬಲ ಹೆಗಲು ಇಳಿದುಹೋಗಿತ್ತು. ಸೊಟ್ಟ ಇದ್ದದ್ದು ನನ್ನ ಮೈ. ಆ ಮನುಷ್ಯ ಅದನ್ನು ಮಾವನಿಗೆ ತಿಳಿಯದ ಹಾಗೆ ಕ್ಯಾನ್ವಾಸಿನಲ್ಲಿ ಎತ್ತಿ ನಿಲ್ಲಿಸಿದ್ದರು. ಏಳೆಂಟು ಜನರ ಮುಂದೆ ಕೋತಿಯ ಹಾಗೆ ಕುಣಿಸಿದರೂ ಬಾಯಿ ಬಿಟ್ಟಿರಲಿಲ್ಲ.

ಬಾಮೈದ ಸ್ಟೇಜಿನ ಮೇಲೆ ಬಂದು ಕಿವಿಯಲ್ಲಿ ಹೇಳಿದ. "ಅವ್ನು ಕೋಟು ಕೆಡಿಸ್ಬುಟ್ಟ ಅಲ್ವಾ ಭಾವ? ಸಿಟ್ಟಿಗೇ ಮಾಡವ್ನೆ."

"ಹೂಂ," ಎಂದೆ.

ತಿಳಿಯದೆ ಮಾಡಿದ್ದು ಹಿಂದಿನ ದಿನದ್ದು. ಈ ಹೂಂ ತಿಳಿದು ಮಾಡಿದ್ದು. ಮದುವೆಯ ಕೋಟಿನ ಕೆಲಸ ಬಾಯಿಂದ ಬಾಯಿಗೆ ಹೋಗುವಂಥದ್ದು. ಮಾವ ದೊಡ್ಡ ಬಾಯಿಯ ಮನುಷ್ಯ. ಆ ಟೈಲರು ಸಿಟ್ಟು ಬಂದರೆ ಗಂಡಿನ ಕೋಟನ್ನೇ ಕೆಡಿಸುತ್ತಾನೆ ಎಂಬ ಮಾತು ಹೊಂಗನೂರಿನಿಂದ ಕೆಂಗಲ್ಲಿನವರೆಗೆ, ಅಲ್ಲಿಂದ ರಾಮನಗರಕ್ಕೆ ಹರಡಿತು. ಮುಂದಿನ ಮದುವೆಯ ಕಾಲಕ್ಕೆ ಆ ಮೆಟ್ಟಿಲು ಹತ್ತುವವರು ಕಡಿಮೆಯಾದರು. ಅದರ ಮುಂದಿನದಕ್ಕೆ ಅಂಗಡಿಯೇ ಇರಲಿಲ್ಲ. ಐಬು ನನ್ನ ಹೆಗಲಲ್ಲಿ ಇತ್ತು ಎಂದು ನಾನು ಒಂದು ಸಲ ಹೇಳಿದ್ದರೆ ಅದು ಉಳಿಯುತ್ತಿತ್ತು. ಹೊಸದಾಗಿ ಮದುವೆಯಾದವನು, ಹೇಗೆ ಹೇಳಲಿ ಎಂದುಕೊಂಡೆ. ಹಳಬನಾದ ಮೇಲೆ, ಈಗ ಹೇಳಿ ಏನು ಎಂದುಕೊಂಡೆ.

ಆರೇಳು ವರ್ಷದ ಮೇಲೆ ಅವರನ್ನು ರಾಮನಗರದಲ್ಲಿ ಕಂಡೆ. ಒಂದು ಸಿದ್ಧ ಉಡುಪಿನ ಅಂಗಡಿಯ ಮೆಟ್ಟಿಲ ಕೆಳಗೆ ಮೆಷಿನ್ ಹಾಕಿಕೊಂಡು, ಪ್ಯಾಂಟಿನ ಕಾಲು ಮಡಚಿ ಹೊಲಿಯುತ್ತಿದ್ದರು. ಕೋಟು ಹೊಲಿದ ಕೈ. ನನ್ನ ಜೊತೆ ಹೆಂಡತಿ ಇದ್ದಳು. ಅವರು ನನ್ನನ್ನು ನೋಡಿ ಎದ್ದು ನಿಂತರು. ಬೈಯುತ್ತಾರೆ ಎಂದುಕೊಂಡೆ. "ಚೆಂದಾಗಿದ್ದೀರಾ ಸ್ವಾಮಿ? ಹೆಗ್ಲು ನೋವುಗೀವು ಐತಾ ಈಗ?" ಎಂದು ಕೇಳಿದರು.

ನಾನು ಹೆಂಡತಿಯ ಮುಖ ನೋಡಿದೆ. "ನೀವ್ಯಾರೋ ಗೊತ್ತಾಗ್ಲಿಲ್ಲ," ಎಂದೆ.

ಅವರು ಹೆಂಡತಿಯ ಕಡೆ ತಿರುಗಿ, "ಇಲ್ಲ ಬುಡಿ ಅಮ್ಮ. ಬ್ಯಾರೆ ಯಾರೋ ಅಂದ್ಕಂಡೆ," ಎಂದು ಮತ್ತೆ ಮೆಷಿನ್ನಿನ ಮುಂದೆ ಕೂತರು. ಎರಡನೆಯ ಸಲವೂ ನನ್ನನ್ನು ಮುಚ್ಚಿದರು. ಬಸ್ಸಿನಲ್ಲಿ ಹೆಂಡತಿ, "ನಿಮ್ಮ ಹೆಗ್ಲಿನ ಇಸ್ಯ ಅವ್ರಿಗೆ ಹೆಂಗೆ ಗೊತ್ತು?" ಎಂದಳು. ನಾನು ಕಿಟಕಿಯ ಹೊರಗೆ ನೋಡಿದೆ. ಅವಳು ಮತ್ತೆ ಕೇಳಲಿಲ್ಲ. ಕೇಳದೆಯೂ ಅವಳಿಗೆ ಗೊತ್ತಾಗಿರಬೇಕು...

ಕಳೆದ ತಿಂಗಳು ಆ ಅಂಗಡಿಯಲ್ಲಿ ಹುಡುಗನಿಗೆ ಯಾವ ಸೂಟೂ ಸರಿಬರಲಿಲ್ಲ. ಮಧ್ಯಾಹ್ನ ಹೋಟೆಲಿನಲ್ಲಿ ಊಟಕ್ಕೆ ಕೂತಾಗ ಅವನೇ ಕೇಳಿದ, "ಇಲ್ಲಿ ಕೋಟ್ ಚೆನ್ನಾಗಿ ಹೊಲಿಯೋ ಟೈಲರ್ ಯಾರೂ ಇಲ್ವಾ?"

ಬಾಮೈದನಿಗೆ ಅಷ್ಟು ಸಾಕು. ನಮ್ಮ ಮನೆಯ ಪ್ರತಿ ಮದುವೆಯಲ್ಲೂ ಹೇಳುವ ಕಥೆ ಶುರುವಾಯಿತು. ನಾನು ಹೇಗೆ ಕೋಟು ತೊಡಿಸಿದೆ, ಹೇಗೆ ತಿರುಗಿಸಿದೆ ಎನ್ನುವುದನ್ನು ಕೂತಲ್ಲೇ ಅಭಿನಯಿಸಿ ತೋರಿಸಿದ. ಹುಡುಗ ನಕ್ಕು ನಕ್ಕು ನೀರು ಕುಡಿದ. ಕೊನೆಗೆ ಬಾಮೈದ ಕೈ ಒರೆಸಿಕೊಳ್ಳುತ್ತಾ, "ಹೋದ ವರ್ಷ ಸತ್ತೋದ್ನಂತೆ ಕಣ್ ಭಾವ. ಗೊತ್ತಾಯ್ತಾ?" ಎಂದ.

ನನಗೆ ಗೊತ್ತಿರಲಿಲ್ಲ.

"ಮಾವ, ನಿಜವಾಗ್ಲೂ ಅಷ್ಟೊಂದು ಕೆಡಿಸಿದ್ರಾ ಅವ್ರು?" ಎಂದು ಹುಡುಗ ನನ್ನನ್ನು ಕೇಳಿದ. ಅವರು ಎಂದ. ಅವನು ಕಣ್ಣಲ್ಲಿ ನೋಡದ ಮನುಷ್ಯನಿಗೆ ಬಹುವಚನ ಕೊಟ್ಟ. ಎಲ್ಲರೂ ನನ್ನ ಕಡೆ ತಿರುಗಿದರು. ಹೆಂಡತಿ ಮಾತ್ರ ಎಲೆಯಿಂದ ಕಣ್ಣು ತೆಗೆಯಲಿಲ್ಲ. ಇನ್ನು ಆ ಮನುಷ್ಯನಿಗೆ ಅಂಗಡಿ ಬೇಡ, ಗಿರಾಕಿ ಬೇಡ. ಬೇಕಾಗಿದ್ದದ್ದು ಅವರ ಹೆಸರಿಗೆ ನನ್ನ ಬಾಯಿಂದ ಒಂದು ಮಾತು. ಇಷ್ಟು ವರ್ಷಕ್ಕೆ ಅದನ್ನು ಹೇಳುವ ಗಳಿಗೆ ತಾನಾಗಿ ಎದುರಿಗೆ ಬಂದು ನಿಂತಿತ್ತು.

"ಹೂಂ," ಎಂದೆ. "ಪೂರ್ತಿ ಕೆಡಿಸ್ಬುಟ್ಟಿದ್ದ."