ಮೆತ್ತಗೆ ಮಾಸ್ಟರ್ ಬರೆದ ವರದಿ

ಠಾಣೆಯ ಹಿಂಬದಿಯ ಕಬ್ಬಿಣದ ಬಾಗಿಲಿನ ಕೋಣೆಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಕೋವಿಗಳ ರಿಪೇರಿ ಮಾಡುತ್ತ ಬಂದವರಿಗೆ ಎಲ್ಲರೂ ಇಟ್ಟ ಹೆಸರು ಮೆತ್ತಗೆ ಮಾಸ್ಟರ್. ಯಾರು ಕೋವಿ ಮುಟ್ಟಿದರೂ ಅವರ ಬಾಯಿಂದ ಮೊದಲು ಬೀಳುತ್ತಿದ್ದ ಮಾತು ಅದೇ: "ಮೆತ್ತಗೆ, ಮೆತ್ತಗೆ." ಹುಡುಗರು ಊಟದ ಡಬ್ಬಿ ತೆಗೆಯುವಾಗಲೂ "ಮೆತ್ತಗೆ ಕಣಯ್ಯಾ, ಡಬ್ಬಿಗೆ ನೋವಾದೀತು" ಎಂದು ಅಣಕಿಸುತ್ತಿದ್ದರು. ಅದು ಮಾಸ್ಟರ್ ಕಿವಿಗೂ ಬಿದ್ದಿತ್ತು. ಒಳಗೊಳಗೇ ಅವರಿಗೆ ಖುಷಿಯೂ ಇತ್ತು.

ಅವರ ಸುಪರ್ದಿಯಲ್ಲಿದ್ದದ್ದು ನಲವತ್ತೆರಡು ಪಂಪ್ ಕೋವಿಗಳು. ನಳಿಗೆಯ ಕೆಳಗಿನ ಮರದ ಹಿಡಿಯನ್ನು ಹಿಂದಕ್ಕೆ ಎಳೆದರೆ ಸುಟ್ಟ ತೋಟಾ ಹೊರಗೆ ಹಾರಬೇಕು, ಮುಂದಕ್ಕೆ ತಳ್ಳಿದರೆ ಹೊಸದು ಒಳಗೆ ಕೂರಬೇಕು. ಇಷ್ಟೇ ಅದರ ಮರ್ಮ. ಇವುಗಳ ಕಾಲ ಮುಗಿಯಿತು, ತಾನಾಗಿಯೇ ತೋಟಾ ತುಂಬಿಕೊಳ್ಳುವ ರೈಫಲ್ ಕೊಡುತ್ತೇವೆ ಎಂದು ಮೇಲಿನವರು ಹೇಳತೊಡಗಿ ಒಂಬತ್ತು ವರ್ಷವಾಗಿತ್ತು. ಸಮಿತಿ ಕೂತಿತು, ಎದ್ದಿತು, ಮತ್ತೆ ಕೂತಿತು. ರೈಫಲ್ ಬರಲಿಲ್ಲ. ಹೇಗೂ ಗುಜರಿಗೆ ಹೋಗುವ ಮಾಲು ಎಂದು ಹಳೆಯವುಗಳ ಬಿಡಿಭಾಗ ಬರುವುದು ಮಾತ್ರ ನಿಂತುಹೋಯಿತು. ಬುದ್ಧಿವಂತರ ಕೆಲಸವೇ ಹೀಗೆ! ಮಾಸ್ಟರ್ ಒಂದು ಕೋವಿಯ ಸ್ಪ್ರಿಂಗ್ ಕಿತ್ತು ಇನ್ನೊಂದಕ್ಕೆ ಹಾಕಿ, ಸವೆದದ್ದಕ್ಕೆ ಅರ ಹಿಡಿದು, ಹೇಗೋ ಸಂಸಾರ ತೂಗಿಸಿದರು. ತರಬೇತಿಗೆ ಬಂದವರಿಗೆಲ್ಲ "ಮಗು ಮಲಗಿರೋ ಕೋಣೆ ಬಾಗಿಲು ಎಳೆದ ಹಾಗೆ ಎಳೀರಿ, ಮುರಿದ್ರೆ ಬೇರೆ ಇಲ್ಲ" ಎಂದು ಕೈ ಹಿಡಿದು ಕಲಿಸಿದರು.

ಹಾಗೆ ಕಲಿತವರಲ್ಲಿ ಅವರ ತಂಗಿಯ ಮಗಳೂ ಒಬ್ಬಳು, ಎರಡು ವರ್ಷದ ಹಿಂದೆ ಕಾನ್‌ಸ್ಟೇಬಲ್ ಆದವಳು. ಕಳೆದ ಸೋಮವಾರ ಮಧ್ಯಾಹ್ನ ಬಸ್ ನಿಲ್ದಾಣದ ಹಿಂದಿನ ಅಂಗಳದಲ್ಲಿ ಒಬ್ಬ ಕುಡುಕ ಮಚ್ಚು ಬೀಸುತ್ತಿದ್ದಾನೆಂದು ಅವಳೂ ಅವಳ ಜೊತೆಗಾರ ಕಾನ್‌ಸ್ಟೇಬಲ್ಲೂ ಓಡಿದರು. ಅವಳು ಆಕಾಶಕ್ಕೆ ಒಂದು ಗುಂಡು ಹಾರಿಸಿದಳು. ಕುಡುಕ ನಿಲ್ಲದೆ ಮೇಲೇರಿ ಬಂದ. ಅವಳು ಹಿಡಿ ಎಳೆದು, ತಳ್ಳಿ, ಮತ್ತೆ ಟ್ರಿಗರ್ ಒತ್ತಿದಳು. ಟಿಕ್ ಎಂದಿತು, ಅಷ್ಟೇ. ಜೊತೆಗಾರ ಅಡ್ಡ ನುಗ್ಗಿ ಕುಡುಕನನ್ನು ಕೆಡವಿದನೇನೋ ನಿಜ, ಆದರೆ ಆ ಹುಡುಗನ ಬಲಗೈ ಮೊಣಕೈಯಿಂದ ಕೆಳಗೆ ಉಳಿಯಲಿಲ್ಲ.

ಕೋವಿ ಪರೀಕ್ಷೆಗೆಂದು ಮಾಸ್ಟರ್ ಮೇಜಿಗೆ ಬಂತು. ಬಿಚ್ಚಿ ನೋಡಿದರೆ ಸುಟ್ಟ ತೋಟಾ ಒಳಗೇ ಕೂತಿತ್ತು. ಅದರ ಬುಡದಲ್ಲಿ ಗುಂಡು ಸಿಡಿಸುವ ಮೊಳೆ ಬಡಿದ ಗುರುತು ಒಂದಲ್ಲ, ಎರಡು. ಒಂದೇ ತೋಟಾ ಎರಡು ಸಲ ಏಟು ತಿಂದಿದೆ ಎಂದರೆ, ಹಿಡಿ ಪೂರ್ತಿ ಹಿಂದೆ ಬರದೆ ಅರ್ಧಕ್ಕೇ ಮರಳಿ, ಖಾಲಿ ತೋಟಾವನ್ನೇ ಮತ್ತೆ ಒಳಗೆ ತಳ್ಳಿದೆ. ಹತ್ತು ಸಲ ಕೊನೆವರೆಗೂ ಎಳೆದು ನೋಡಿದರು. ಹತ್ತು ಸಲವೂ ತೋಟಾ ಹಾರಿತು. ಕೋವಿ ಗಟ್ಟಿಯಾಗಿಯೇ ಇತ್ತು.

"ಕೋವೀದೇ ದೋಷ ಅಂತ ಬರೆದುಬಿಡಿ ಮಾಸ್ಟ್ರೇ," ಎಂದರು ಇನ್‌ಸ್ಪೆಕ್ಟರ್. "ನಿಮ್ಮ ಹುಡುಗಿ ಕೆಲಸ ಉಳಿಯುತ್ತೆ. ಸಮಿತಿಯವರಿಗೂ ಇವನ್ನ ಗುಜರಿಗೆ ಹಾಕೋಕೆ ನೆಪ ಸಿಗುತ್ತೆ."

"ಹೊಸ ರೈಫಲ್ ಯಾವಾಗ ಬರುತ್ತೆ ಸಾರ್?"

"ಬರುತ್ತೆ ಬಿಡಿ. ಆರು ತಿಂಗಳೋ, ವರ್ಷಾನೋ."

"ಅಲ್ಲೀವರೆಗೆ?"

"ಅಲ್ಲೀವರೆಗೆ ಇವೇ."

ಮಾಸ್ಟರ್ ಸೋದರಸೊಸೆಯನ್ನು ಕೋಣೆಗೆ ಕರೆದು, ನಕಲಿ ತೋಟಾ ತುಂಬಿದ ಕೋವಿ ಕೊಟ್ಟರು. "ಆವತ್ತು ಹೇಗೆ ಎಳೆದೆ, ತೋರಿಸು. ಅಷ್ಟೇ ಬೇಗ."

"ನೀವು ಹೇಳಿಕೊಟ್ಟ ಹಾಗೇ ಮಾವ."

ಎಳೆದಳು. ಸದ್ದೇ ಇಲ್ಲ. ಹಿಡಿ ಅರ್ಧಕ್ಕೆ ಬಂದು ಮೆತ್ತಗೆ ಹಿಂತಿರುಗಿತು, ತೋಟಾ ಹಾರಲಿಲ್ಲ. "ಕೋವಿಗೇ ಏನೋ ಆಗಿದೆ ಅಲ್ವಾ ಮಾವ?" ಎಂದು ಕೇಳುವಾಗ ಅವಳ ಕಣ್ಣು ತುಂಬಿತ್ತು.

ಮಾಸ್ಟರ್ ಅವಳ ಕೈಯಿಂದ ಕೋವಿ ತೆಗೆದುಕೊಂಡರು. ತರಬೇತಿಯ ಮೈದಾನದಲ್ಲಿ, ನಿಧಾನದಲ್ಲಿ, ಮೆತ್ತನೆಯ ಕೈಯೂ ಕೊನೆ ಮುಟ್ಟುತ್ತದೆ. ಜೀವಭಯಕ್ಕೆ ಬಿದ್ದರೆ ಅರ್ಧಕ್ಕೇ ನಿಲ್ಲುತ್ತದೆ. ಇಷ್ಟು ವರ್ಷ ಅವರು ಕೋವಿ ಉಳಿಸಿದ್ದರು, ಅದನ್ನು ಹಿಡಿಯುವವರನ್ನು ಮರೆತಿದ್ದರು. ಆ ಕ್ಷಣದಲ್ಲೂ ಊರಿನ ಬೀದಿಗಳಲ್ಲಿ ಅವರೇ ಪಳಗಿಸಿದ ಕೈಗಳು ಅವೇ ಕೋವಿ ಹಿಡಿದು ನಿಂತಿದ್ದವು. ಸುಳ್ಳು ಬರೆದರೆ ಆ ಕೈಗಳನ್ನು ತಿದ್ದುವವರಾರು? ನಿಜ ಬರೆದರೆ ಈ ಹುಡುಗಿಯ ಗತಿ? ನಾಚಿಕೆಯೂ ಸಂಕಟವೂ ಒಟ್ಟಿಗೇ ನುಗ್ಗಿದವು; ಸ್ಟೂಲು ಎಳೆದುಕೊಂಡು ವರದಿಯ ಹಾಳೆ ಮುಂದಿಟ್ಟುಕೊಂಡರು.

ಸಂಜೆಯೊಳಗೆ ಬರೆದುಕೊಟ್ಟರು: ಕೋವಿಯಲ್ಲಿ ದೋಷವಿಲ್ಲ. ಹಿಡಿಯನ್ನು ಅರ್ಧ ಮಾತ್ರ ಎಳೆಯಲಾಗಿದೆ. ಹಾಗೆ ಎಳೆಯಲು ಕಲಿಸಿದವನು ನಾನು, ಈ ಠಾಣೆಯ ಎಲ್ಲರಿಗೂ ಹಾಗೆಯೇ ಕಲಿಸಿದ್ದೇನೆ.

ತಂಗಿಯ ಫೋನು ಬಂತು. "ಅಣ್ಣಾ, ಒಂದು ಸಾಲು ಬೇರೆ ಥರ ಬರೆದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಉತ್ತರಕ್ಕೂ ಕಾಯದೆ ಇಟ್ಟುಬಿಟ್ಟಳು.

ಮರುದಿನ ಬೆಳಿಗ್ಗೆ ಹಾಜರಿ ಕರೆದ ಮೇಲೆ ಮಾಸ್ಟರ್ ನಕಲಿ ತೋಟಾ ತುಂಬಿದ ಕೋವಿ ಹಿಡಿದು ಸಾಲಿನ ಮುಂದೆ ನಿಂತರು. ವಿಚಾರಣೆ ಮುಗಿಯುವವರೆಗೆ ಒಳಗಿನ ಕೆಲಸಕ್ಕೆ ಹಾಕಿದ್ದ ಸೊಸೆ ಕೊನೆಯಲ್ಲಿದ್ದಳು. "ನಾನು ತಪ್ಪು ಕಲಿಸಿದ್ದೀನಿ," ಎಂದರು. "ಕಿತ್ತು ಕೈಗೆ ಬರೋ ಹಾಗೆ ಎಳೀಬೇಕು. ಮುರಿದ್ರೆ ಮುರೀಲಿ. ಹೀಗೆ." ಸರಕ್ಕನೆ ಎಳೆಯಹೋದರು. ಅಷ್ಟು ಜನರೆದುರು ಕೈ ಮಾತು ಕೇಳಲಿಲ್ಲ; ಹಿಡಿ ಅರ್ಧಕ್ಕೆ ಬಂದು ವಾಪಸಾಯಿತು. ಯಾರೋ ಕಿಸಕ್ಕೆಂದು ಸುಮ್ಮನಾದರು. ಮತ್ತೆ ಎಳೆದರು. ಅದೇ ಅರ್ಧ.

ಸೊಸೆ ಸಾಲು ಬಿಟ್ಟು ಬಂದಳು. ಅವರ ಮುಖ ನೋಡದೆ ಕೋವಿ ಕಸಿದುಕೊಂಡು, ಹಲ್ಲು ಕಚ್ಚಿ ಎಳೆದಳು. ತೋಟಾ ಹಾರಿ ಗೋಡೆಗೆ ಬಡಿಯಿತು.

"ನೋಡಿದ್ರಲ್ಲ," ಎಂದರು ಮಾಸ್ಟರ್, ಸಾಲಿನ ಕಡೆ ತಿರುಗಿ. "ಅವಳ ಹಾಗೆ. ನನ್ನ ಹಾಗಲ್ಲ."